ಕಂಬಳಿ ಹುಳುವಿನ ಚಿಟ್ಟೆಯನ್ನು ಗುರುತಿಸುವ ಬಗೆ

ಬಯಲುಸೀಮೆಯಲ್ಲಿ ಕಡಲೆಕಾಯಿ ಬೆಳೆಯುವ ರೈತರಲ್ಲಿ ಕಂಬಳಿ ಹುಳುವನ್ನು ಅರಿಯದವರಿಲ್ಲ. ಆದರೆ ಆ ಹುಳುವಿಗೆ ತಾಯಿಯಾದ ಚಿಟ್ಟೆಯನ್ನು ಬಲ್ಲವರು ವಿರಳ. ಹುಳುಗಳು ಮಳೆಯೊಡನೆ ಆಕಾಶದಿಂದ ಬೀಳುವುವೆಂದು ಎಣಿಸುವವರೂ ಉಂಟು. ಇದರಿಂದಾಗುವ ನಷ್ಟವು ಅಲ್ಪವಲ್ಲ. ಚಿಟ್ಟೆಯನ್ನು ಅರಿಯದವನು ಪೈರು ಬರಿಯ ಕಡ್ಡಿಯಾದ ಮೇಲೆಯೇ ಎಚ್ಚರಗೊಳ್ಳುವನು.

ಈ ಚಿಟ್ಟೆಯು ರಾತ್ರಿ ಹಾರಾಡತಕ್ಕದ್ದು. ರೆಕ್ಕೆ ಹರಡಿದರೆ ಎರಡು ಅಂಗುಲದ ಹತ್ತಿರವಿರುವುದು. ಮುಂದಣ ರೆಕ್ಕೆಗಳಲ್ಲಿ ಬಿಳುಪೂ ಕಂದೂ ಬೆರೆತಿದ್ದು, ಅವುಗಳ ಮುಂದಂಚಿನ ಉದ್ದಕ್ಕೂ ಹಳದಿಯ ಗೆರೆಯಿರುವುದು. ತಲೆಯ ಮೇಲೂ ಹಳದಿಯ ಪಟ್ಟಿಯುಂಟು. ಹಿಂದಣ ರೆಕ್ಕೆಗಳು ಬೆಳ್ಳಗಿದ್ದು ಕಪ್ಪು ಮಚ್ಚೆಗಳಿಂದ ಕೂಡಿರುವುವು. ದೀಪಕ್ಕೆ ಬರುವ ಬಿಳಿಯ ಚಿಟ್ಟೆಗಳೆಲ್ಲವೂ ಇದೇ ಅಲ್ಲ; ಹಳದಿಯ ಗೆರೆಯನ್ನು ನೋಡಿಯೇ ನಿಶ್ಚಯಿಸತಕ್ಕದ್ದು.

ಮುಂಗಾರಿನ ಮೊದಲ ಹದಮಳೆ ಬಿದ್ದು ನೆಲ ನೆನೆದ ಎರಡು ಮೂರು ದಿವಸಗಳಲ್ಲಿ ಚಿಟ್ಟೆಗಳು ಸಂಜೆಯ ಹೊತ್ತಿಗೆ ಮಣ್ಣಿನಿಂದ ಹೊರಬೀಳುವುವು. ಒಂದೊಂದು ಹೆಣ್ಣು ಎಲೆಗಳ ಅಡಿಯಲ್ಲಿ 600ಕ್ಕೂ ಹೆಚ್ಚು ಮೊಟ್ಟೆಗಳನ್ನು ಗುಂಪುಗುಂಪಾಗಿಡಬಲ್ಲದು. ಸುಮಾರು ಮೂರು ದಿವಸಗಳಲ್ಲಿ ಮರಿಗಳು ಹೊರಟು, ಮೊದಲು ಒಂದೇ ಎಲೆಗೆ ಮುತ್ತಿಕೊಂಡು ಅದರ ಹಸುರನ್ನು ಕೆರೆದು ತಿನ್ನುವುವು. ಎಲೆಯು ಜರಡಿಯಂತೆ ಕಾಣುವುದರಿಂದ ದೂರದಿಂದಲೇ ಗೊತ್ತಾಗುವುದು. ಅಂತಹ ಎಲೆಯನ್ನು ಆಗಲೇ ಕಿತ್ತು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ನೂರಾರು ಹುಳುಗಳು ಒಮ್ಮೆಗೇ ಸಾಯುವುವು. ಕೆಲವು ದಿವಸ ಕಳೆದರೆ ಅವು ಚದರಿಹೋಗುವುವು. ಮೈಮೇಲೆ ಕೆಂಗಂದು ಕೂದಲು ದಟ್ಟವಾಗಿ ಬೆಳೆದು, ಹೊಲದಿಂದ ಹೊಲಕ್ಕೆ ದಂಡಿನಂತೆ ನಡೆಯುವುವು. ಆಗ ಅಡ್ಡಲಾಗಿ ಆಳವಾದ ಕಾಲುವೆ ತೋಡಿ, ಬಿದ್ದವನ್ನು ಕೊಲ್ಲುವುದೊಂದೇ ಉಳಿಯುವ ಕಷ್ಟದ ಕೆಲಸ.

ಆದುದರಿಂದ ಮಳೆಯಾದ ಮರುಸಂಜೆಯಿಂದಲೇ ಊರ ಯಜಮಾನರು ಎಲ್ಲ ಹೊಲಗಳಲ್ಲಿಯೂ ಬೆಂಕಿಯನ್ನಾಗಲಿ, ನೀರಿನ ತಟ್ಟೆಯ ಮೇಲೆ ಲಾಂದ್ರವನ್ನಾಗಲಿ ಇಡಿಸತಕ್ಕದ್ದು. ಬಂದ ಚಿಟ್ಟೆಗಳನ್ನು ಹುಡುಗರೂ ಹಿಡಿದು ಕೊಲ್ಲಬಲ್ಲರು. ಒಬ್ಬನು ಎಚ್ಚರವಾಗಿದ್ದು ನೆರೆಯವನು ಮಲಗಿದರೆ ಫಲವಿಲ್ಲ; ಹುಳುವಿಗೆ ಬದುವು ಅಡ್ಡಿಯಲ್ಲ.

ಐದಾರು ವಾರ ಮೇದು ಬಲಿತ ಹುಳುಗಳು ಬದುಗಳ ಬಳಿಯಲ್ಲಿಯೂ ಮರಗಳ ನೆರಳಿನಲ್ಲಿಯೂ ನಾಲ್ಕರಿಂದ ಎಂಟು ಅಂಗುಲ ಆಳಕ್ಕಿಳಿದು ಕೋಶವಾಗಿ, ಸಾಮಾನ್ಯವಾಗಿ ಮರುವರ್ಷದ ಮಳೆಯವರೆಗೂ ಅಲ್ಲಿಯೇ ಇರುವುವು. ಪೈರು ಕೊಯ್ದೊಡನೆ ಮಾಗಿಯ ಉಳುಮೆಯನ್ನು ಆಳವಾಗಿ ಮಾಡಿದರೆ ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗುವುವು. ನೇಗಿಲ ಹಿಂದೆಯೇ ಬರುವ ಕಾಗೆ, ಗೊರವಂಕಗಳು ಮಿಕ್ಕವನ್ನು ಹೆಕ್ಕುವುವು. ನೇಗಿಲು ಮುಟ್ಟದ ಬದುವಿನ ಅಂಚನ್ನು ಗುದ್ದಲಿಯಿಂದ ಅಗೆಯಿಸತಕ್ಕದ್ದು.