ಕೆಟ್ಟು ನಿಂತ ಕಾರನ್ನು ಎಳೆಯುವ ಮುನ್ನ

ಬೆಳೆಗಾರ ಬಂಧುಗಳೇ, ಘಾಟಿಯಲ್ಲಿ ಜೀಪು ಕೆಟ್ಟರೆ ನ್ಯೂಟ್ರಲ್‌ಗೆ ಹಾಕಿ, ಹಗ್ಗ ಕಟ್ಟಿ ಎಳೆದು ತರುವುದು ನಮ್ಮಲ್ಲಿ ರೂಢಿ. ಈಗಿನ ಎಲ್ಲ ಕಾರುಗಳಿಗೂ ಈ ಉಪಾಯ ಸಲ್ಲದು.

ಆಟೋಮ್ಯಾಟಿಕ್ ಗೇರಿನ ಬಹುತೇಕ ಕಾರುಗಳಲ್ಲಿ ಗೇರ್‌ಬಾಕ್ಸಿಗೆ ಆಯಿಲ್ ಹಾಯಿಸುವ ಪಂಪು ಎಂಜಿನ್ನಿನಿಂದಲೇ ತಿರುಗುತ್ತದೆ. ಎಂಜಿನ್ ನಿಂತಿರುವಾಗ ಕಾರನ್ನು ಎಳೆದರೆ, ನ್ಯೂಟ್ರಲ್‌ನಲ್ಲಿದ್ದರೂ ಒಳಭಾಗಗಳು ಆಯಿಲ್ ಸಾಲದೆ ತಿರುಗಿ, ಕಾದು ಸವೆಯುತ್ತವೆ. ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಗಾಡಿಯ ಮುಂಭಾಗವನ್ನಷ್ಟೇ ಎತ್ತಿ ಎಳೆದರೂ ಹಾನಿಯೇ. ವಿದ್ಯುತ್ ಕಾರಿನಲ್ಲಿ ಚಕ್ರದೊಡನೆ ಮೋಟಾರೂ ತಿರುಗಿ, ವಿದ್ಯುತ್ ಹುಟ್ಟಿ, ಬಿಸಿಯೇರಬಹುದು.

ಇಂಥವನ್ನು ನಾಲ್ಕೂ ಚಕ್ರ ನೆಲ ಮುಟ್ಟದಂತೆ ಫ್ಲಾಟ್‌ಬೆಡ್ ಲಾರಿಯ ಮೇಲೇರಿಸಿ ಸಾಗಿಸುವುದೇ ಕ್ಷೇಮ. ಲಾರಿ ಬಾಡಿಗೆ ದುಬಾರಿ ಎನಿಸೀತು. ಗೇರ್‌ಬಾಕ್ಸ್ ಬದಲಿಸುವ ಖರ್ಚಿನ ಮುಂದೆ ಅದು ಅಲ್ಪ. ಕಾರಿನ ಕೈಪಿಡಿಯಲ್ಲಿ ಎಳೆಯುವ ಕ್ರಮ ಹೇಳಿರುವ ಪುಟವನ್ನು ಇಂದೇ ಓದಿ, ಗುರುತು ಹಾಕಿಡಿ.