ಕುಟ್ಟಾಣಿಗೆ ಯಾವ ಕಲ್ಲು?

ಪ್ರಶ್ನೆ: ಅಮೃತಶಿಲೆಯ ಕುಟ್ಟಾಣಿ ನೋಡಲು ಚೆಂದ. ಆದರೂ ಗ್ರಾನೈಟಿನದೇ ಕೊಳ್ಳಿ ಎನ್ನುತ್ತಾರಲ್ಲ, ಏಕೆ?

ಕಾಳುಮೆಣಸು ಪುಡಿಯಾಗಬೇಕಾದರೆ ಮೊದಲು ಅದು ಗುಂಡುಕಲ್ಲಿನ ಕೆಳಗೆ ಜಾರದೆ ನಿಲ್ಲಬೇಕು. ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರುವಂತೆ, ನುಣುಪು ತಳದಲ್ಲಿ ಕಾಳೂ ಜಾರುತ್ತದೆ. ಗ್ರಾನೈಟಿನ ತರಿತರಿ ಮೈ ಅದನ್ನು ಹಿಡಿದಿಡುತ್ತದೆ.

ಎರಡನೆಯದು ಗಡಸುತನ. ಮೋಸ್ ಮಾಪಕದಲ್ಲಿ ಅಮೃತಶಿಲೆಯದು ಸುಮಾರು 3, ಗ್ರಾನೈಟಿನದು 6ರಿಂದ 7. ಹಾಗಾಗಿ ಗ್ರಾನೈಟ್ ಬೇಗ ಸವೆಯದು.

ಮೂರನೆಯದು ಹುಳಿ. ಅಮೃತಶಿಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆ, ಹುಣಸೆಯ ಆಮ್ಲ ಅದನ್ನು ನಿಧಾನವಾಗಿ ಕರಗಿಸಿ ಕಲೆ ಉಳಿಸುತ್ತದೆ. ಗ್ರಾನೈಟಿಗೆ ಈ ಹುಳಿ ತಟ್ಟುವುದಿಲ್ಲ.

ಕೊಂಡ ಮೇಲೆ ಒಣ ಅಕ್ಕಿಯನ್ನು ಹಲವು ಸಲ ಅರೆದು ಚೆಲ್ಲಿ. ಸಡಿಲ ಕಲ್ಲುಪುಡಿ ಅದರೊಂದಿಗೆ ಹೋಗುತ್ತದೆ. ಅಕ್ಕಿಹಿಟ್ಟು ಬೆಳ್ಳಗೆ ಬಂದರೆ ಕುಟ್ಟಾಣಿ ಬಳಕೆಗೆ ಸಿದ್ಧ.