ದೊಡ್ಡಬೆಟ್ಟದ ಮಗ್ಗುಲಿನ ತೋಟ

ಊಟಿಯ ಸಸ್ಯೋದ್ಯಾನಕ್ಕೆ ಹೋದವರಲ್ಲಿ ಬಹಳ ಮಂದಿ ಕೆಳಗಿನ ಹುಲ್ಲುಹಾಸಿನ ಮೇಲೆ ಕೂತು, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನಗದು ಸಂಕಟದ ವಿಷಯ. ಈ ತೋಟದ ಜೀವ ಇರುವುದು ಮೇಲೆ, ಏರಿನಲ್ಲಿ.

ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ್ದ ವಿಲಿಯಂ ಗ್ರಹಾಂ ಮ್ಯಾಕೈವರ್ 1848ರಲ್ಲಿ ಇಲ್ಲಿಗೆ ಬಂದಾಗ ಕೆಳಗೆ ಜೌಗು, ಮೇಲೆ ಕಡಿದಾದ ಕಾಡು. ದೊಡ್ಡಬೆಟ್ಟದ ಆ ಇಳಿಜಾರನ್ನೇ ಆತ ಹಂತಹಂತವಾಗಿ ತೋಟವಾಗಿಸಿದ. ಈಗ ಅದು ಸುಮಾರು 22 ಹೆಕ್ಟೇರು.

ನಾನು ಆತನನ್ನು ಮೆಚ್ಚುವುದು ಮಾತ್ರ ಸಿಂಕೋನಾಗಾಗಿ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಇರುವುದು ಆ ಮರದ ತೊಗಟೆಯಲ್ಲಿ. ತೊಗಟೆಗೆಂದು ಮರವನ್ನೇ ಕಡಿಯುವುದು ರೂಢಿ. ಮ್ಯಾಕೈವರ್ ಉದ್ದುದ್ದ ಪಟ್ಟಿಗಳಾಗಿ ಒಂದಿಷ್ಟನ್ನಷ್ಟೇ ಸುಲಿದು, ಗಾಯದ ಮೇಲೆ ಹಸಿ ಪಾಚಿ ಕಟ್ಟಿಸಿದ. ಅದರಡಿ ಹೊಸ ತೊಗಟೆ ಬೆಳೆಯಿತು, ಅದರಲ್ಲಿ ಕ್ವಿನೈನ್ ಇನ್ನೂ ಹೆಚ್ಚಿತ್ತು. ಮರವೂ ಉಳಿಯಿತು! 1860ರ ದಶಕದ ನೀಲಗಿರಿಯಲ್ಲಿ ನಡೆದ ಈ ಕೆಲಸವನ್ನು ಶಾಲೆಯ ಮಕ್ಕಳಿಗೆ ಹೇಳಲೇಬೇಕು.

ತೋಟದಲ್ಲಿ ಕಾರ್ಕ್ ಮರವೂ ಇದೆ. ಬಿರುಕುಬಿಟ್ಟ ಅದರ ತೊಗಟೆಯನ್ನು ಒತ್ತಿದರೆ ಬೆರಳಿಗೆ ಮೆತ್ತಗೆ ತಾಗುತ್ತದೆ, ಚಳಿಯಲ್ಲೂ ತಣ್ಣಗೆನ್ನಿಸುವುದಿಲ್ಲ. ಎರಡು ಕೋಟಿ ವರ್ಷ ಹಳೆಯದೆನ್ನುವ, ಕಲ್ಲಾಗಿ ಹೋದ ಮರದ ದಿಮ್ಮಿಯನ್ನೂ ತಪ್ಪಿಸಬೇಡಿ. ಇನ್ನೂ ಹತ್ತಿದರೆ ನೀಲಗಿರಿಯ ಬುಡಕಟ್ಟಿನವರಾದ ತೋಡರ ಹಟ್ಟಿ.

ಮೇ ತಿಂಗಳ ಪುಷ್ಪಪ್ರದರ್ಶನದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮರಗಳನ್ನು ನೋಡಬೇಕೆಂದಿದ್ದರೆ ಬೇರೆ ತಿಂಗಳು ಆರಿಸಿಕೊಳ್ಳಿ, ಬೆಳಿಗ್ಗೆ ಗೇಟು ತೆರೆಯುತ್ತಲೇ ಒಳಗಿರಿ.